ಆಯುಧಪೂಜೆಗೆ ತೊಳೆದ ಕಂಪ್ಯೂಟರ್

ನಮ್ಮ ಮಾವ ಗಂಗಾಧರಸ್ವಾಮಿಯವರಿಗೆ ಅರ್ಧಂಬರ್ಧ ಪೂಜೆ ಗೊತ್ತೇ ಇಲ್ಲ. ಆಯುಧಪೂಜೆಯ ಬೆಳಿಗ್ಗೆ ಸ್ಕೂಟರ್ ತೊಳೆದರು, ಈಳಿಗೆಮಣೆ ತೊಳೆದರು. ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಕಂಪ್ಯೂಟರನ್ನೂ ಬಿಚ್ಚಿ, ಒಳಗೆಲ್ಲ ಒದ್ದೆಬಟ್ಟೆಯಲ್ಲಿ ಒರೆಸಿ, ಮದರ್‌ಬೋರ್ಡಿಗೆ ನೆನೆಸಿದ ವಿಭೂತಿಯಲ್ಲಿ ಮೂರು ಪಟ್ಟೆ ಎಳೆದರು. ಮಂಗಳಾರತಿ ಆದ ಮೇಲೆ ಸ್ವಿಚ್ ಒತ್ತಿದೆ. ಚಟ್ ಅಂತು, ಸುಟ್ಟ ವಾಸನೆ ಬಂತು, ಅಷ್ಟೇ.

ದೇವರ ಹೆಸರಲ್ಲಿ ಮಾಡಿದವರ ಮೇಲೆ ಏನಂತ ಕೂಗಾಡಲಿ? ನರಸೀಪುರದಿಂದ ನಂಜನಗೂಡಿನ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬೀದಿಬದಿಯ ಕೋಣೆಯಲ್ಲಿ ಲಗ್ನಪತ್ರಿಕೆ, ಕರಪತ್ರ ಟೈಪು ಮಾಡಿಕೊಡುತ್ತಿದ್ದೆ. ಅತ್ತೆ ಮಲ್ಲಾಜಮ್ಮನವರಿಗೆ ಅದು ಕಣ್ಣುಕಿಸುರು. ಕೊನೆಗೆ ಮಾವನೇ ತೀರ್ಮಾನ ಹೇಳಿದ್ದರು: "ಮಿಷನ್ನು ನಡಿಯೋಗಂಟ ನಡಿಲಿ. ಕೆಟ್ಟೋದ ದಿನ ಅಂಗ್ಡಿ ಮುಚ್ಚಿ ಒಳಿಕ್ಕೆ ಬಾ." ಒಳಗೆ ನಾನು ಬರೀ ಸೊಸೆ. ಅರ್ಪಿತಾ ಅಂತ ಹೆಸರು ಹಿಡಿದು ಕರೆಯುತ್ತಿದ್ದದ್ದು ಆ ಕೋಣೆಗೆ ಬಂದವರು ಮಾತ್ರ.

ನನ್ನ ಗಂಡನ ಗೆಳೆಯ ಶಿವರಾಜು ಮೈಸೂರಿಂದ ಬೇರೆ ಬೋರ್ಡು ತಂದು ಹಾಕಿದ. ಹಾರ್ಡ್‌ಡಿಸ್ಕ್ ಪರೀಕ್ಷಿಸಿ, "ಒಂದು ಫೈಲೂ ಓಗಿಲ್ಲ ಅತ್ತಿಗೆ" ಎಂದ. ನನಗೆ ಅಳುವೇ ಬಂತು. ಆದರೆ ಕಂಪ್ಯೂಟರ್ ಒಳಗೆ ಬಿಡಬೇಕಲ್ಲ! ಬೋರ್ಡು ಬದಲಾದದ್ದರಿಂದ ಒಳಗಿನ ಸಾಫ್ಟ್‌ವೇರಿಗೆ ಇದು ಬೇರೆಯವರ ಕಂಪ್ಯೂಟರ್ ಎಂದು ಅನುಮಾನ. ಲೈಸೆನ್ಸನ್ನು ಮತ್ತೆ ಚಾಲೂ ಮಾಡಿಸುತ್ತೀಯಾ ಎಂದು ಕೇಳಿತು. ಬೇಡ ಎಂದರೆ ಹೊರಗೆ ನೂಕಿತು, ಬೇಕು ಎಂದರೆ ನಮ್ಮಲ್ಲಿಲ್ಲದ ಇಂಟರ್ನೆಟ್ ಬೇಡಿತು. ಸುತ್ತಿ ಬಳಸಿ ಅದೇ ಪ್ರಶ್ನೆ. ನಮ್ಮತ್ತೆಯೇ ಅದರೊಳಗೆ ಕೂತಿದ್ದಾರೇನೋ ಅನ್ನಿಸಿತು.

"ಕಂಪ್ನಿಯವ್ರಿಗೆ ಫೋನ್ ಮಾಡಿ ಕೇಳ್ಬೇಕು. ಅವ್ರು ಒಪ್ಪುದ್ರೆ ಒಂದು ನಂಬ್ರ ಕೊಡ್ತಾರೆ. ಒಪ್ಪದಿದ್ರೆ ಏನೂ ಮಾಡಕಾಗಲ್ಲ," ಎಂದ ಶಿವರಾಜು.

ಫೋನು ನಡುಮನೆಯಲ್ಲಿ. ಅತ್ತೆ ಹೂ ಕಟ್ಟುತ್ತಾ ಕೂತಿದ್ದರು, ಮಾವ ಪೇಪರ್ ಹಿಡಿದಿದ್ದರು. ಶಿವರಾಜು ಕೋಣೆಯಿಂದ ಪರದೆಯ ಮೇಲಿನ ಉದ್ದದ ನಂಬರನ್ನು ಕೂಗಿದ, ನಾನು ಫೋನಿಗೆ ಒಪ್ಪಿಸಿದೆ. ಮೊದಲು ರೆಕಾರ್ಡು ಮಾಡಿಟ್ಟ ದನಿಯೊಂದು ಆಗುವುದಿಲ್ಲ ಎಂದಿತು. ಆಮೇಲೆ ಒಬ್ಬಳು ಹುಡುಗಿ ಲೈನಿಗೆ ಬಂದಳು. ನನ್ನ ಇಂಗ್ಲಿಷು ಕೇಳಿ ಕನಿಕರಪಟ್ಟು ಕನ್ನಡಕ್ಕೇ ಇಳಿದಳು.

"ಬೋರ್ಡ್ ಯಾಕೆ ಚೇಂಜ್ ಮಾಡಿದ್ರಿ ಮೇಡಂ?"

"ಬೋರ್ಡ್ ಯಾಕೆ ಚೇಂಜ್ ಮಾಡಿದೆ ಅಂತಾನಾ?" ಎಂದೆ. ಮಾವನ ಪೇಪರು ಕೆಳಗಿಳಿಯಿತು. ಅದು ಸುಟ್ಟದ್ದು ಮಾವನ ಒದ್ದೆಬಟ್ಟೆಯಿಂದ ಎಂದು ಅತ್ತೆಗೆ ಇನ್ನೂ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಮಾವ ನನ್ನನ್ನೇ ನೋಡಿದರು. ಅಯ್ಯೋ ಪಾಪ ಅನ್ನಿಸಿತು.

"ನಾನೇ ನೀರು ಚೆಲ್ಲಿಬಿಟ್ಟೆ ಮೇಡಂ, ಬೋರ್ಡು ಸುಟ್ಟೋಯ್ತು."

"ಒಂದೇ ಕಂಪ್ಯೂಟರಲ್ಲಿ ತಾನೇ ಹಾಕಿರೋದು?"

"ಇರೋದೇ ಒಂದು."

ಅವಳು ನಂಬರು ಹೇಳಿದಳು, ನಾನು ಕೂಗಿದೆ, ಶಿವರಾಜು ಒತ್ತಿದ. ಕಂಪ್ಯೂಟರ್ ತೆರೆಯಿತು. ನನ್ನ ಪತ್ರಿಕೆಗಳೆಲ್ಲ ಇದ್ದ ಹಾಗೇ ಇದ್ದವು. ಕುಣಿಯುವುದೊಂದು ಬಾಕಿ. ಮಾವ ಪೇಪರ್ ಮೇಲೆತ್ತಿದರು.

ಮರುದಿನ ಮಾವ ಬಡಗಿ ಸಿದ್ದಯ್ಯನನ್ನು ಕರೆಸಿ, ಕಂಪ್ಯೂಟರ್ ಮೇಜಿಗೆ ಸುತ್ತ ಹಲಗೆ ಹೊಡೆಸಿ, ಬಾಗಿಲಿಟ್ಟು ಬೀಗ ಹಾಕಿಸಿದರು. ಬೀಗದಕೈ ಅವರ ಉಡಿದಾರಕ್ಕೆ ಹೋಯಿತು.

"ಏನು ಮಾವ ಇದು?"

"ಮತ್ತೆ ನೀರುಗೀರು ಚೆಲ್ಲೀಯ ಕಣವ್ವ. ಅಡ್ಗೆ ಕೆಲ್ಸ ಮುಗಿಸ್ಕಂಡು ಬಂದು ಕೇಳು, ತಗ್ದುಕೊಡ್ತೀನಿ."

ನಾನು ಅವರ ಮುಖವನ್ನೇ ನೋಡಿದೆ. ನಾಚಿಕೆ ಕಾಣುತ್ತದೇನೋ ಎಂದು ಹುಡುಕಿದೆ. ಇರಲಿಲ್ಲ. ನೀರು ಚೆಲ್ಲಿದ್ದು ನಾನೇ ಎಂದು ಅವರು ಆಗಲೇ ನಂಬಿಬಿಟ್ಟಿದ್ದರು. ಒಳಗಿಂದ ಅತ್ತೆ, "ಈಗ್ಲಾರ ಬುದ್ಧಿ ಬತ್ತದೆ ಬುಡಿ," ಎಂದರು.

ಅಷ್ಟರಲ್ಲಿ ಬೀದಿಯಿಂದ ಬಿಳಿಗೆರೆಯ ಬೆಟ್ಟಸ್ವಾಮಿ, "ಅರ್ಪಿತಮ್ಮ, ಲಗ್ನಪತ್ರಿಕೆ ಆಯ್ತಾ?" ಎಂದು ಕರೆದ.

ಮಾವ ಟವಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟಿದ್ದರು. ಬೀಗದಕೈಯೂ ಅವರ ಜೊತೆಗೇ ಬಚ್ಚಲಿಗೆ ಹೋಯಿತು, ಬಾಗಿಲು ಹಾಕಿಕೊಂಡ ಸದ್ದಾಯಿತು. ನಾನು ಬೀಗದ ಮೇಲೆ ಕೈಯಿಟ್ಟುಕೊಂಡು, "ಆಮೇಲೆ ಬನ್ನಿ," ಎಂದೆ.