ಗೌಡರು ಆರಿಸಿಕೊಂಡ ಗಾಡಿ

ನಾನೊಂದು ಡೀಸೆಲ್ ಗಾಡಿ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹಂಚಿಕೊಂಡು ಹುಟ್ಟಿದ, ಆನೆಮರಿಯಂಥ ಗಾಡಿ. ಹಾಗೆಂದರೆ ಈಗ ನೀವು ನಂಬಲಾರಿರಿ. ಮೈಸೂರಿನ ಹೊರಗಿನ ಈ ಗುಜರಿಯಲ್ಲಿ ಸುಟ್ಟ ಬದನೆಕಾಯಿಯ ಹಾಗೆ ಸುಕ್ಕುಗಟ್ಟಿ ನಿಂತಿದ್ದೇನೆ. ನಡೆದದ್ದನ್ನು ನೆನೆದರೆ ಇವತ್ತಿಗೂ ದಿಗಿಲು.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಕಬ್ಬಿಣದ ತೋಳುಗಳು ನನ್ನ ಎಲುಬುಗಳನ್ನು ಕೂಡಿಸಿದವು, ಮನುಷ್ಯರ ಕೈಗಳು ಸೀಟು ಹೊದಿಸಿದವು. ಮೊದಲ ಸಲ ಎಂಜಿನ್ ಗುಡುಗಿದಾಗ ನನ್ನ ಸದ್ದಿಗೆ ನಾನೇ ಬೆಚ್ಚಿದೆ. ಆಮೇಲೆ ಆ ಸದ್ದೇ ನನ್ನ ಹೆಮ್ಮೆಯಾಯಿತು.

ಅಲ್ಲಿಂದ ಲಾರಿಯೇರಿ ಮೈಸೂರಿನ ಒಂದು ಗಾಜಿನ ಮಳಿಗೆಗೆ ಬಂದೆ. ಪಕ್ಕದಲ್ಲೇ ನಮ್ಮ ಕಂಪನಿಯದೇ ಇನ್ನೊಂದು ಗಾಡಿ ನಿಂತಿತ್ತು. ಮುತ್ತಿನ ಬಣ್ಣ, ಕೈಹಾಕಿದರೆ ಜಾರುವ ಮೈ. ಕರೆಂಟಿನಲ್ಲಿ ಓಡುವಂಥದ್ದು. ಚಾಲೂ ಮಾಡಿದರೂ ಉಸಿರು ಕೇಳದು. ಪಾಪ, ಮೂಗಿ ಇರಬೇಕು ಎಂದುಕೊಂಡೆ.

ಒಂದು ದಿನ ಬೋರಲಿಂಗೇಗೌಡರು ಬಂದರು. ನಾಗಮಂಗಲದ ಕಡೆಯ ಹಳ್ಳಿಯವರು. ಬೋರ್‌ವೆಲ್ ಕೊರೆಯುವ ಲಾರಿಗಳನ್ನಿಟ್ಟು ಮೇಲೆ ಬಂದವರು. ಸದ್ದು ಎದ್ದರೇ ನೀರು ಏಳುವುದು ಎಂದು ನಂಬಿದ ಮನುಷ್ಯ. ಹಿಂದೆ ಅವರ ಹೆಂಡತಿ ಚೆಲುವಾಜಮ್ಮ, ಚಪ್ಪಲಿಯನ್ನು ಗಾಜಿನ ಬಾಗಿಲ ಆಚೆಯೇ ಬಿಟ್ಟು ಬರಿಗಾಲಲ್ಲಿ ಬಂದರು. ಜೊತೆಗೆ ಆಕೆಯ ತಮ್ಮ ಮಾಯಿಗೌಡ.

ಗಾಡಿ ಬೇಕಾಗಿದ್ದದ್ದು ಚೆಲುವಾಜಮ್ಮನಿಗಾಗಿ. ಎರಡು ಮೂತ್ರಪಿಂಡಗಳೂ ಸೋತು, ವಾರಕ್ಕೆರಡು ಸಲ ಮೈಸೂರಿಗೆ ಡಯಾಲಿಸಿಸ್ಸಿಗೆ ಹೋಗಬೇಕಿತ್ತು. ಹಳೆಯ ಕಾರು ಒಮ್ಮೆ ನಡುದಾರಿಯಲ್ಲಿ ಕೆಟ್ಟು ನಿಂತು, ಆಕೆಗೆ ಮೈ ಊದಿ, ಉಸಿರು ಸಿಕ್ಕದೆ, ಜೀವ ಹೋಗಿ ಬಂದಂತಾಗಿತ್ತು. ಆ ದಿನದ ಭಯ ಗೌಡರ ಎದೆಯಲ್ಲಿ ಕೂತುಬಿಟ್ಟಿತ್ತು.

"ಭಾವ, ಅಕ್ಕಂಗೆ ಆ ಕರೆಂಟಿಂದೇ ವಾಸಿ. ಕುಲುಕಾಡಲ್ಲ, ಸದ್ದಿಲ್ಲ, ಹತ್ತೋದೂ ಸಲೀಸು," ಎಂದ ಮಾಯಿಗೌಡ.

"ಸದ್ದಿಲ್ಲ ಕಣ್ಲಾ, ಅದೇ ನಂಗೆ ಆಗ್ದಿರೋದು. ಹೆಣ ಸಾಗ್ಸೋ ಗಾಡೀನೂ ಒಂದಿಷ್ಟು ಸದ್ದು ಮಾಡ್ತದೆ," ಎಂದರು ಗೌಡರು. "ದಾರೀಲಿ ಬ್ಯಾಟ್ರಿ ಖಾಲಿ ಆದ್ರೆ ನಿಮ್ಮಕ್ಕನ್ನ ನೀನು ಹೆಗಲ್ ಮ್ಯಾಲೆ ಹೊತ್ಕಂಡ್ ಓಯ್ತೀಯ? ಮೊಬೈಲ್ನಾಗೆ ನೋಡಿಲ್ವ, ಹೆಂಗೆ ದಗ್ಗಂತ ಹತ್ಕಂಡು ಉರೀತವೆ!"

"ಎಲ್ಲವೂ ಉರೀತವಾ ಭಾವ? ಹಂಗಂದ್ರೆ ಒಲೆ ಹತ್ರ ಕೂರೋ ಹೆಂಗಸ್ರೆಲ್ಲ…"

"ಬಾಯ್ಮುಚ್ಚು. ಗಾಡಿ ತಗಳೋನು ನಾನು."

ಮಾತು ಹೀಗೆ ನಡೆದಿರುವಾಗ ಚೆಲುವಾಜಮ್ಮ ಮೆಲ್ಲನೆ ಆ ಮುತ್ತಿನ ಬಣ್ಣದ ಗಾಡಿಯ ಬಳಿ ಹೋದದ್ದನ್ನು ನಾನು ನೋಡಿದೆ. ಬಾಗಿಲು ತೆರೆದಿತ್ತು. ಸೀಟಿನ ಮೇಲೆ ಅಂಗೈಯೊತ್ತಿ ನೋಡಿದರು. ಇನ್ನೇನು ಕೂರಬೇಕು, ಗೌಡರು ಕೂಗಿದರು: "ಚೆಲುವಿ, ಅಲ್ಲೇನು? ಬಾ ಇಲ್ಲಿ, ಇದು ನಮ್ ಗಾಡಿ!"

ಬಂದರು. ಮೆಟ್ಟಿಲಿಗೆ ಕಾಲು ಎಟುಕಲಿಲ್ಲ. ಗೌಡರು ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಿ, "ಅಂಬಾರೀಲಿ ಕೂತಂಗೆ ಐತೆ!" ಎಂದು ನಕ್ಕರು. ಮಳಿಗೆಯವನೂ ನಕ್ಕ. "ಇದರ ಎತ್ತರ ನೋಡಿ ಸಾರ್, ಕಲ್ಲಾಗ್ಲಿ ಕೊರಕಲಾಗ್ಲಿ ಹೊಟ್ಟೆಗೆ ತಾಗೋ ಮಾತೇ ಇಲ್ಲ." ನಾನು ಉಬ್ಬಿಹೋದೆ. ಆಕೆಯನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ಊರಿಗೆ ಬಂದ ಮೇಲೆ ನನ್ನ ಬಾಳು ಆಸ್ಪತ್ರೆಯ ದಾರಿಯೇ ಆಯಿತು. ಆಕೆ ಹತ್ತಲೆಂದು ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇರುತ್ತಿತ್ತು. ಹಿಂದಿನ ಸೀಟಿನಲ್ಲಿ ಒರಗಿ, ಸೂಜಿ ಚುಚ್ಚುವ ಎಡಗೈಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದರು. ಬರುವಾಗ ಸುಸ್ತಿಗೆ ಕಣ್ಣು ಮುಚ್ಚುವುದು, ನನ್ನ ಗುಡುಗಿಗೆ ಬೆಚ್ಚಿ ತೆರೆಯುವುದು.

"ಮೈಯೆಲ್ಲ ಬೀಸೋಕಲ್ಲಿಗೆ ಕೊಟ್ಟಂಗಾಯ್ತದೆ ಕಣ್ರೀ," ಎಂದರೊಮ್ಮೆ.

"ಗಟ್ಟಿ ಗಾಡಿ ಕಣೇ. ನಿನ್ನ ತಲುಪುಸ್ದೆ ನಿಲ್ಲಾದಿಲ್ಲ," ಎಂದರು ಗೌಡರು. ಅದು ಜಂಬವಲ್ಲ, ಪ್ರೀತಿ. ಆದರೆ ಆ ಪ್ರೀತಿಗೆ ಕಿವಿ ಇರಲಿಲ್ಲ.

ಸಂಕ್ರಾಂತಿ ಕಳೆದು ಹುರುಳಿ ಒಕ್ಕುವ ಕಾಲ ಬಂತು. ಆ ಸೀಮೆಯಲ್ಲಿ ಈಗ ಕಣ ಮಾಡುವವರು ಕಡಿಮೆ. ಕಿತ್ತ ಹುರುಳಿಯನ್ನು ಬಳ್ಳಿಸಮೇತ ಟಾರು ರಸ್ತೆಗೆ ಹಾಸುತ್ತಾರೆ, ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಉದುರಿಸಬೇಕು. ಪರಸ್ಥಳದ ಗಾಡಿ ಒಂದು ಸಲ ತುಳಿದು ಹೋಗುತ್ತದೆ. ಊರಿನವನ ಗಾಡಿಯಾದರೆ ಹಿಂದೆ ಮುಂದೆ ನಾಲ್ಕು ಸಲ ಓಡಾಡಿಯೇ ಹೋಗಬೇಕು, ಅದು ಮರ್ಯಾದೆ. ಆಮೇಲೆ ಇಳಿದು, ಬಗ್ಗಿ, ಅಡಿಯಲ್ಲಿ ಸುತ್ತಿಕೊಂಡ ಬಳ್ಳಿಯನ್ನು ಎಳೆದುಹಾಕುವುದೂ ಅಷ್ಟೇ ಕಟ್ಟುನಿಟ್ಟು. ಹುರುಳಿ ಬಳ್ಳಿ ಹಗ್ಗವಿದ್ದಂತೆ, ಹಿಡಿದರೆ ಬಿಡದು.

ಆ ಬೆಳಿಗ್ಗೆ ಆಸ್ಪತ್ರೆಗೆ ಹೊರಟಿದ್ದೆವು. ಊರ ಮುಂದೆ ದುಂಡಮ್ಮ ಎಂಬ ರೈತ ಹೆಂಗಸು ಹುರುಳಿ ಹಾಸಿ, ಕವೆಗೋಲು ಹಿಡಿದು ನಿಂತಿದ್ದಳು.

"ಗೌಡ್ರೇ, ಇಂಥಾ ಗಾಡಿ ಇಟ್ಕಂಡು ಸುಮ್ಕೆ ಓಯ್ತೀರಾ? ಹಿಂಗೊಂದ್ ದಪ ಹಂಗೊಂದ್ ದಪ ಬುಡಿ, ನಿಮ್ಗೆ ಪುಣ್ಯ ಬತ್ತದೆ!"

ಗೌಡರಿಗೆ ಅಷ್ಟೇ ಸಾಕಾಯಿತು. ಹಿಂದೆ ಮುಂದೆ, ಹಿಂದೆ ಮುಂದೆ. ನನ್ನ ಅಗಲ ಚಕ್ರಗಳ ಕೆಳಗೆ ಬಳ್ಳಿ ಚಟಚಟ ಮುರಿದು ಕಾಳು ಸಿಡಿಯಿತು. ನನಗೂ ಖುಷಿ.

"ಹೊತ್ತಾಯ್ತದೆ, ನಡೀರಿ ಸಾಕು," ಎಂದರು ಚೆಲುವಾಜಮ್ಮ.

ದುಂಡಮ್ಮ ಬಗ್ಗಿ ನೋಡಿದಳು. "ತಡೀರಿ ಗೌಡ್ರೇ, ಅಡೀಲಿ ಬಳ್ಳಿ ಸುತ್ಕಂಡೈತೆ, ಎಳ್ದಾಕ್ತೀನಿ."

"ಇದೇನು ನಿನ್ ಗಂಡನ ಟ್ರಾಕ್ಟ್ರು ಅನ್ಕಂಡ್ಯಾ ದುಂಡಿ? ಇದ್ರ ಹೊಟ್ಟೆಗೆ ನಿನ್ ಹುರುಳಿ ಎಟುಕ್ತದಾ?" ಎಂದು ನಗುತ್ತಾ ಗೌಡರು ಗಾಡಿ ಬಿಟ್ಟೇಬಿಟ್ಟರು.

ಹೆದ್ದಾರಿ ಸಿಕ್ಕಿತು. ವೇಗ ಏರಿತು. ನನ್ನ ಹೊಟ್ಟೆಯಡಿ ಹೊಗೆ ಹೋಗುವ ಕೊಳವೆ ಕಾದು ಕೆಂಡವಾಗುವುದು ಆಗಲೇ. ಒಣ ಬಳ್ಳಿ ಅದಕ್ಕೆ ಬಿಗಿದುಕೊಂಡಿತ್ತು.

"ಯಾರೋ ಹುರುಳಿ ಹುರೀತಾವ್ರೆ," ಎಂದರು ಚೆಲುವಾಜಮ್ಮ, ಕಣ್ಣು ಮುಚ್ಚಿಕೊಂಡೇ. "ಘಮ್ ಅಂತದೆ."

"ಹೆದ್ದಾರೀಲಿ ಯಾವಳು ಒಲೆ ಹೂಡ್ತಾಳೆ? ನಿಂಗೆ ಹುರುಳಿಸಾರಿನ ಆಸೆ ಬಂದದೆ."

ಇಬ್ಬರೂ ನಕ್ಕರು. ಆ ನಗು ಮುಗಿಯುವ ಮೊದಲೇ ಸೀಟಿನ ಸಂದಿಯಿಂದ ಹೊಗೆ ಎದ್ದಿತು. ಗೌಡರು ಪಕ್ಕಕ್ಕೆ ಎಳೆದು ನಿಲ್ಲಿಸಿದರು. ಹಾರಿ ಇಳಿದರು. ನನ್ನ ಹಿಂಬದಿಯೆಲ್ಲ ಬೆಂಕಿ.

ನನಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಉರಿಯುವುದು ಆ ಮುತ್ತಿನ ಬಣ್ಣದ ಗಾಡಿಯಲ್ಲವೇ? ಗೌಡರು ಹಾಗೆ ಹೇಳಿದ್ದರಲ್ಲ! ನಾನು ಗಟ್ಟಿ ಗಾಡಿ. ನಾನು ಆಕೆಯನ್ನು ತಲುಪಿಸಬೇಕಾದವನು. ಉರಿಯುತ್ತಿರುವುದು ನನ್ನದೇ ಮೈ, ಒಳಗೆ ಕೂತಿರುವುದು ಅದೇ ಆಕೆ.

ಗೌಡರು ಹಿಂದಿನ ಬಾಗಿಲು ಕಿತ್ತಂತೆ ತೆರೆದರು. ಸ್ಟೂಲು ಡಿಕ್ಕಿಯಲ್ಲಿತ್ತು, ಡಿಕ್ಕಿ ಬೆಂಕಿಯಲ್ಲಿತ್ತು. ಚೆಲುವಾಜಮ್ಮ ಅಂಚಿಗೆ ಜರುಗಿ ಕೆಳಗೆ ನೋಡಿದರು. ಕಾಲಿಗೆ ನೆಲ ಸಿಕ್ಕಲಿಲ್ಲ.

"ಬೀಳು ಚೆಲುವಿ! ಬೀಳು, ನಾನ್ ಇಡ್ಕತೀನಿ!"

"ಇಷ್ಟೆತ್ತರ…"

"ನಿನ್ ದಮ್ಮಯ್ಯ, ಬೀಳೇ!"

ಎಡಗೈಯನ್ನು ಎದೆಗೆ ಅವಚಿಕೊಂಡು ಆಕೆ ಗಂಡನ ಮೇಲೆ ಬಿದ್ದರು. ಇಬ್ಬರೂ ಉರುಳಿ ರಸ್ತೆಬದಿಯ ಹಳ್ಳಕ್ಕೆ ಹೋದರು. ಆಮೇಲೆ ನನ್ನ ಗಾಜುಗಳು ಒಂದೊಂದಾಗಿ ಸಿಡಿದವು.

ಜನ ನೆರೆದರು. ಎಲ್ಲರ ಕೈಯಲ್ಲೂ ಮೊಬೈಲು. ಒಬ್ಬ, ನನ್ನತ್ತ ತೋರಿಸುತ್ತ, "ಕರೆಂಟ್ ಗಾಡಿ ಕಣ್ರೋ, ಬ್ಯಾಟ್ರಿ ಹತ್ಕಂಡೈತೆ. ದುಡ್ಡಿರೋರಿಗೆ ಬುದ್ಧಿ ಇರಾಕಿಲ್ಲ ನೋಡಿ," ಎಂದ.

ಗೌಡರು ಹಳ್ಳದ ದಂಡೆಯಲ್ಲಿ ಕೂತಿದ್ದರು. ಮೈಯ ಮಣ್ಣನ್ನೂ ಕೊಡವದೆ ಅವನತ್ತ ತಿರುಗಿದರು.

"ಡೀಸೆಲ್ದು ಕಣಯ್ಯ," ಎಂದರು. "ನಾನೇ ಆರುಸ್ದೆ."

ಹಾಲಿನ ವ್ಯಾನೊಂದು ನಿಂತಿತು. ಆಕೆಯನ್ನು ಅದರ ಮುಂದಿನ ಸೀಟಿಗೆ ಕೂರಿಸಿದರು. ಅದು ಹೊರಟದ್ದಷ್ಟೇ ನನಗೆ ಕಂಡಿದ್ದು. ತಲುಪಿದರೋ ಇಲ್ಲವೋ, ಆವತ್ತು ಆಕೆಯ ರಕ್ತ ಶುದ್ಧಿಯಾಯಿತೋ ಇಲ್ಲವೋ, ಯಾರು ಹೇಳುತ್ತಾರೆ? ಕ್ರೇನು ಬಂತು, ನನ್ನನ್ನು ಎತ್ತಿತು, ಈ ಗುಜರಿಗೆ ತಂದು ಇಳಿಸಿತು. ಇಲ್ಲಿನ ಗಾಡಿಗಳೆಲ್ಲ ತಮ್ಮ ತಮ್ಮ ಓಟದ ಕಥೆ ಹೇಳಿಕೊಳ್ಳುತ್ತವೆ. ನಾನು ಗೇಟು ನೋಡುತ್ತ ಕೂತೆ.

ಕೊನೆಗೊಂದು ಮಧ್ಯಾಹ್ನ ಗೇಟಿನ ಹೊರಗೆ ಬಾಡಿಗೆ ಕಾರು ನಿಂತಿತು. ವಿಮೆಯವರ ಜೊತೆ ಮಾತು ಮುಗಿಸಲು ಗೌಡರು ಬಂದಿದ್ದರು. ಅವರ ಹಿಂದೆ, ಗೋಡೆ ಹಿಡಿದುಕೊಂಡು, ಚೆಲುವಾಜಮ್ಮ! ಬದುಕಿದ್ದಾರೆ! ನನಗೆ ಇನ್ನೂ ಎಂಜಿನ್ ಇದ್ದಿದ್ದರೆ ಆಗಲೇ ಗುಡುಗಿಬಿಡುತ್ತಿದ್ದೆ.

ವಿಮೆಯವನು ಹೋದ ಮೇಲೂ ಗೌಡರು ನನ್ನ ಮುಂದೆಯೇ ನಿಂತರು. ಕರಕಲಾದ ಬಾಗಿಲ ಅಂಚಿನಿಂದ ನೆಲದವರೆಗೆ ಕಣ್ಣಲ್ಲೇ ಅಳೆದರು. ತುಂಬ ಹೊತ್ತು ಅಳೆದರು.

"ಇಷ್ಟೆತ್ತರದಿಂದ ಬಿದ್ಯಲ್ಲೇ," ಎಂದರು.

"ಬೀಳು ಅಂದ್ರಿ, ಬಿದ್ದೆ."

"ಈಗ ಯಾವ್ದು ತರಾನ? ಆ ಕರೆಂಟಿಂದೋ, ಇಲ್ಲ ಇಂಥದೇ ಇನ್ನೊಂದೋ? ನೀನೇ ಹೇಳ್ಬುಡು."

ಚೆಲುವಾಜಮ್ಮ ಗಂಡನ ಮುಖವನ್ನೇ ನೋಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಮಾತು ಕೇಳಿರಲಿಲ್ಲವೋ ಏನೋ, ಬೆಂಕಿ ಕಂಡಾಗಲೂ ಆಕೆ ಅಷ್ಟು ಬೆರಗಾಗಿರಲಿಲ್ಲ.

"ಕೂರ್ದೆ ಹೆಂಗ್ ಹೇಳಾನ? ಎರಡ್ರಾಗೂ ಕೂತು ನೋಡಿ ಹೇಳ್ತೀನಿ," ಎಂದರು. "ಬಿರ್ರನೆ ನಡೀರಿ, ಅಂಗಡಿ ಮುಚ್ಚಾರು."

ಯಾವುದನ್ನು ಆರಿಸಿದರೋ ನನಗೆ ತಿಳಿಯದು. ನಾನೇ ಮೇಲೆಂದೂ ಆ ಕರೆಂಟಿನದೇ ಮೇಲೆಂದೂ ಹೇಳುವ ಧೈರ್ಯ ಈಗ ನನಗಿಲ್ಲ. ನಾಳೆಯೋ ನಾಡಿದ್ದೋ ನನ್ನನ್ನು ಅಮುಕಿ ಕಬ್ಬಿಣದ ಗಟ್ಟಿ ಮಾಡುತ್ತಾರೆ. ಆವತ್ತು ಗೇಟು ದಾಟುವವರೆಗೆ ಕಂಡದ್ದಷ್ಟೇ ನನ್ನ ಪಾಲಿಗೆ ಉಳಿದದ್ದು: ಚೆಲುವಾಜಮ್ಮ ಮುಂದೆ, ನಿಧಾನವಾಗಿ. ಅವರ ನಡಿಗೆಗೆ ತಮ್ಮ ನಡಿಗೆ ಕುಗ್ಗಿಸಿಕೊಂಡು ಬೋರಲಿಂಗೇಗೌಡರು ಹಿಂದೆ.