ಕಣ್ಣು ಮುಚ್ಚಿ ತೆಗೆದ ಫೋಟೋಗಳು

೧

ಸೇತುವೆಯಿಂದ ಶುರು ಮಾಡಲೇ, ಕನ್ನಡಕದಿಂದ ಶುರು ಮಾಡಲೇ? ಸೇತುವೆಯಿಂದ ಶುರು ಮಾಡಿದರೆ ನೀವು ಮೊದಲ ಸಾಲಿನಲ್ಲೇ ಕೆಳಗೆ ಬಗ್ಗಿ ನೋಡಿ, ಯಾರು ಬೀಳುತ್ತಾರೋ ಎಂದು ಕಾಯುತ್ತಾ ಕೂರುತ್ತೀರಿ. ಕನ್ನಡಕದಿಂದ ಶುರು ಮಾಡಿದರೆ ಇದು ಕಣ್ಣಿನ ಡಾಕ್ಟರ ಕಥೆ ಅಂದುಕೊಂಡು ಪುಟ ತಿರುವುತ್ತೀರಿ. ಮೊದಲ ಕರಡು ‘ಚಳಿಗಾಲದ ಒಂದು ಬೆಳಗ್ಗೆ’ ಎಂದು ಶುರುವಾಗಿತ್ತು. ಹರಿದು ಹಾಕಿದೆ. ಎರಡನೆಯದು ಎಂಟು ಪುಟ ಓಡಿ, ಸೇತುವೆ ಬಂದ ಕೂಡಲೇ ಕಾಲು ನಡುಗಿ ನಿಂತುಬಿಟ್ಟಿತು.

ಇರಲಿ. ಚಳಿಗಾಲದ ಒಂದು ಬೆಳಗ್ಗೆ. (ಕೆಲವು ಸಾಲುಗಳು ಹಾಗೇ. ಹರಿದು ಬಿಸಾಡಿದರೂ ಹಿಂಬಾಗಿಲಿನಿಂದ ಬಂದು ಮೊದಲ ಕುರ್ಚಿಯಲ್ಲೇ ಕೂರುತ್ತವೆ.)

ರೈಲು ಓಡಾಟ ನಿಂತುಹೋದ ಹಳೆಯ ಕಬ್ಬಿಣದ ಸೇತುವೆ. ಮೇಲೆ ಇಬ್ಬರು, ಕೆಳಗೆ ಹೊಳೆದಂಡೆಯ ಬಂಡೆಯ ಮೇಲೆ ಒಬ್ಬಳು. ಮೇಲಿರುವವರಲ್ಲಿ ಒಬ್ಬಳು ಟೀಚರ್. ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಕಲಿಸುವವಳು. ಪಿಸುಗುಟ್ಟಿದರೂ ಹಿಂದಿನ ಬೆಂಚಿಗೆ ಕೇಳುವಂಥ ಗಂಟಲು. ಇನ್ನೊಬ್ಬ ಗಂಟಣ್ಣ. ಲಿಫ್ಟ್ ಮೆಕ್ಯಾನಿಕ್. ಹಗ್ಗ, ಕೊಂಡಿ, ಗಂಟು ಎಲ್ಲ ಅವನ ಸುಪರ್ದಿ, ಅದಕ್ಕೇ ಆ ಹೆಸರು. ಕೆಳಗೆ ಕ್ಯಾಮೆರಾ ಹಿಡಿದು ನಿಂತವಳು ನಮ್ಮವಳು. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ದಿನಗಳಿಂದ ಟೀಚರ್ ಅವಳನ್ನು ಗುಬ್ಬಿ ಎಂದೇ ಕರೆಯುತ್ತಾಳೆ.

ಭಾನುವಾರ ಇವರು ಮಾಡುವುದಿಷ್ಟೇ: ಸೊಂಟಕ್ಕೂ ಎದೆಗೂ ಪಟ್ಟಿ ಬಿಗಿದು, ಹಗ್ಗ ಕಟ್ಟಿಕೊಂಡು, ಸೇತುವೆಯಿಂದ ಹಾರುವುದು. ಹಗ್ಗ ನೀರಿಗಿಂತ ಮೇಲೆಯೇ ಹಿಡಿದುಕೊಳ್ಳುತ್ತದೆ. ಆಮೇಲೆ ಗಡಿಯಾರದ ಲೋಲಕದ ಹಾಗೆ ಅತ್ತಿಂದಿತ್ತ ಜೀಕು. ಗಾಳಿ ಸುಮ್ಮನಿರುವ ಚಳಿಗಾಲದಲ್ಲಿ ಮಾತ್ರ.

ಎರಡು ಕಟ್ಟುಪಾಡುಗಳಿವೆ. ಹಾರುವವರ ಜೇಬಿನಲ್ಲಿದ್ದದ್ದೆಲ್ಲ ಗುಬ್ಬಿಯ ಜೇಬಿಗೆ. ಬೀಗದ ಕೈ, ಮೊಬೈಲು, ಟೀಚರ್‌ಳ ಸೋಡಾಗ್ಲಾಸಿನಂಥ ಕನ್ನಡಕ. ಇನ್ನೊಂದು, ಬಂಡೆಯ ಮೇಲಿಂದ ಗುಬ್ಬಿ ಎಡಗೈ ಎತ್ತಿ ಇಳಿಸುವವರೆಗೆ ಯಾರೂ ಹಾರುವಂತಿಲ್ಲ. ಕನ್ನಡಕವಿಲ್ಲದ ಟೀಚರ್‌ಗೆ ಬಂಡೆಯೂ ಗುಬ್ಬಿಯೂ ಒಂದೇ ಮಸುಕು. ಆದ್ದರಿಂದ ಗಂಟಣ್ಣ ಪಕ್ಕದಲ್ಲಿ ನಿಂತು ಹೇಳುತ್ತಾನೆ: “ಎತ್ತಿದ್ಲು... ಇಳಿಸಿದ್ಲು.”

ಮದುವೆಮನೆಯಲ್ಲೂ ಬಾಯಿ ಬಿಡದವಳ ಒಂದು ಕೈಗೆ ಇಷ್ಟು ದೊಡ್ಡ ಅಧಿಕಾರ!

೨

ಈಗ ಗುಟ್ಟು. ಮೂರು ಚಳಿಗಾಲ, ನೂರಕ್ಕೂ ಹೆಚ್ಚು ಹಾರಾಟ. ಗುಬ್ಬಿ ಒಂದನ್ನೂ ನೋಡಿಲ್ಲ.

ಕೈ ಇಳಿಯುತ್ತದೆ, ಬೆರಳು ಒತ್ತುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಕತ್ತಲಲ್ಲಿ ಆ ಚೀರಾಟ ಕೇಳುತ್ತದೆ. ಅವಳ ಲೆಕ್ಕದಲ್ಲಿ ಅದು ಬೀಳುವವರ ಚೀರಾಟ. ಅದು ನಿಂತು ನಗು ಶುರುವಾದ ಮೇಲೆ ಕಣ್ಣು ತೆರೆಯುತ್ತಾಳೆ. ಕ್ಯಾಮೆರಾ ಪಾಪ, ಒಂದು ಸೆಕೆಂಡಿಗೆ ಹತ್ತು ಫೋಟೋ ಹೊಡೆಯುತ್ತದೆ. ಹತ್ತರಲ್ಲಿ ಮೂರಾದರೂ ಚೆನ್ನಾಗಿರುತ್ತವೆ. “ನಿನ್ನ ಕಣ್ಣೇ ಕಣ್ಣು!” ಅಂದವರಿದ್ದಾರೆ. ಆಗೆಲ್ಲ ಅವಳು ಚಳಿಗೆ ಚಾರ್ಜ್ ಇಳಿಯದಿರಲೆಂದು ಕಂಕುಳಲ್ಲಿ ಇಟ್ಟುಕೊಂಡ ಎರಡನೇ ಬ್ಯಾಟರಿಯನ್ನು ಇನ್ನಷ್ಟು ಒತ್ತಿಕೊಳ್ಳುತ್ತಾಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ.

ವಾರದ ಉಳಿದ ದಿನ ಅವಳ ಕೆಲಸ ಏನು ಗೊತ್ತೇ? ಪಾಸ್‌ಪೋರ್ಟ್ ಸೈಜ್ ಫೋಟೋ ಸ್ಟುಡಿಯೋ. ಬೆಳಗಿನಿಂದ ಸಂಜೆಯವರೆಗೆ ಅವಳು ಹೇಳುವುದು ಒಂದೇ ಮಾತು: “ಕಣ್ಣು ಮುಚ್ಚಬೇಡಿ.” ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

೨, ಮತ್ತೊಮ್ಮೆ

ಯಾಕೆ ಮುಚ್ಚುತ್ತಾಳೆ? ಓದುಗರು ಕಾರಣ ಕೇಳುತ್ತಾರೆ. ನಾನೂ ಒಂದು ಹೊಲಿದಿದ್ದೆ: ಚಿಕ್ಕಂದಿನಲ್ಲಿ ತಾರಸಿಯಿಂದ ಬಿದ್ದ ತಮ್ಮ, ಹಿಂದೆ ನಿಂತು ನೋಡಿದ ಅಕ್ಕ, ಎರಡು ಪುಟ ಕಣ್ಣೀರು. ಗುಬ್ಬಿ ಓದಿ ಕಾಗದ ಕೆಳಗಿಟ್ಟಳು.

“ನಂಗೆ ತಮ್ಮನೇ ಇಲ್ಲ.”

“ಕಥೆಗೆ ಬೇಕಮ್ಮಾ.”

“ಸುಮ್ನೆ ಹೆದ್ರಿಕೆ ಆಗುತ್ತೆ. ಅಷ್ಟೇ. ಸುಮ್ನೆ ಹೆದ್ರಿಕೊಳ್ಳೋಕೂ ಒಬ್ಬ ತಮ್ಮ ಬೀಳ್ಬೇಕಾ?”

ತಮ್ಮನನ್ನು ತೆಗೆದೆ. ಅವನು ಎಲ್ಲಾದರೂ ಸುಖವಾಗಿರಲಿ.

೪

(ಮೂರರಲ್ಲಿ ಹಗ್ಗ ತುಂಡಾಗಿತ್ತು. ಗಂಟಣ್ಣ ಬಂದು ನನ್ನ ಮೇಜಿನ ಮುಂದೆ ನಿಂತ. “ಏನಮ್ಮಾ ಕಥೆಗಾರ್ತಿ, ಹದಿನಾಲ್ಕು ವರ್ಷ ಲಿಫ್ಟ್ ನೋಡ್ಕೊಂಡಿದೀನಿ, ಒಬ್ರೂ ಮಧ್ಯದಲ್ಲಿ ನೇತಾಡಿಲ್ಲ. ನಿನ್ನ ಕಥೆ ಏರ್ಲಿ ಅಂತ ನನ್ನ ಗಂಟು ಬಿಚ್ತೀಯಾ?” ಮೂರನ್ನು ಕೈಬಿಟ್ಟಿದ್ದೇನೆ. ನೀವೂ ನಿಶ್ಚಿಂತೆಯಿಂದ ಕೂತುಕೊಳ್ಳಿ: ಇಲ್ಲಿ ಯಾರೂ ಬಿದ್ದು ಸಾಯುವುದಿಲ್ಲ.)

ಸೋಮವಾರ ಬೆಳಗ್ಗೆ ಗುಬ್ಬಿ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಹಿಂದಿನ ದಿನದ ಫೋಟೋಗಳನ್ನು ತೆರೆದಳು. ಟೀಚರ್ ಜೀಕುತ್ತಿರುವ ಚಿತ್ರ. ಬಾಯಿ ಅಗಲ, ಕೈಯಲ್ಲಿ ಏನೋ ಬಿಳಿ. ದೊಡ್ಡದು ಮಾಡಿ ನೋಡಿದಳು. ಡ್ರಾಯಿಂಗ್ ಹಾಳೆ. ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡು ಹೋಗಿ ಗಾಳಿಯಲ್ಲಿ ಬಿಚ್ಚಿ, ನಗು ಶುರುವಾಗುವ ಮೊದಲೇ ಮುದುರಿಟ್ಟಿದ್ದಾಳೆ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ, ಒಂದನೇ ಕ್ಲಾಸಿನವರೂ ಓದಬಲ್ಲಷ್ಟು ದುಂಡಗೆ: ‘ಕಣ್ಣು ಬಿಡೇ ಗುಬ್ಬಿ’.

ಅವಳು ಆ ಚಿತ್ರವನ್ನು ಥಟ್ಟನೆ ಮುಚ್ಚಿದಳು.

ಸಂಜೆ ಶಾಲೆ ಬಿಟ್ಟ ಮೇಲೆ ಟೀಚರ್ ಸ್ವತಃ ಸ್ಟುಡಿಯೋಗೆ ಬಂದು, ನೀಲಿ ಪರದೆಯ ಮುಂದಿನ ಸ್ಟೂಲಿನಲ್ಲಿ ಕೂತಳು. “ಅರ್ಜಿಗೆ ಫೋಟೋ ಬೇಕು. ಎಂಟು ಕಾಪಿ.”

ಗುಬ್ಬಿ ಅಭ್ಯಾಸಬಲದಿಂದ ಅಂದಳು: “ಕಣ್ಣು ಮುಚ್ಚಬೇಡಿ.”

“ಯಾರು, ಯಾರಿಗೆ ಹೇಳ್ತಿರೋದು?”

ಗುಬ್ಬಿ ಕ್ಯಾಮೆರಾ ಹಿಂದೆ ಇನ್ನಷ್ಟು ಕುಗ್ಗಿದಳು. “ಯಾವಾಗ ಗೊತ್ತಾಯ್ತು?”

“ಹೇಗಿತ್ತೇ ಅಂತ ಕೇಳಿದಾಗೆಲ್ಲ ಮೊದ್ಲು ಆ ಸ್ಕ್ರೀನ್ ನೋಡ್ತೀಯ, ಆಮೇಲೆ ‘ಚೆನ್ನಾಗಿತ್ತು’ ಅಂತೀಯ. ನನ್ನ ಕ್ಲಾಸಲ್ಲಿ ಪಕ್ಕದವನ ಪುಸ್ತಕ ನೋಡಿ ಉತ್ತರ ಹೇಳೋ ಮಕ್ಕಳು ಹದಿನೈದು ಜನ ಇದಾರೆ ಕಣೆ. ನಂಗೇ ಆಟ ಆಡಿಸ್ತೀಯಾ?”

ಗುಬ್ಬಿ ನಗಲಿಲ್ಲ. “ಅರ್ಜಿ ಅಂದ್ಯಲ್ಲ. ಯಾವುದಕ್ಕೆ?”

ಟೀಚರ್ ತನ್ನ ಗಂಟಲನ್ನು ಮೊದಲ ಸಲ ಸಣ್ಣದು ಮಾಡಿದಳು. “ವರ್ಗ ಆಯ್ತು. ದೂರ. ಬಸ್ಸಲ್ಲಿ ಹತ್ತು ಗಂಟೆ. ಮುಂದಿನ ಸೋಮವಾರ ಅಲ್ಲಿ ಈ ಅರ್ಜಿ ಕೊಟ್ಟು ಹಾಜರಾಗ್ಬೇಕು.”

ಕ್ಲಿಕ್ಕಾಯಿತು. ಆ ಫೋಟೋದಲ್ಲಿ ಟೀಚರ್‌ಳ ಕಣ್ಣು ತೆರೆದೇ ಇದ್ದವು. ತೆಗೆದವಳದು ಗೊತ್ತಿಲ್ಲ.

“ಈ ಭಾನುವಾರ ನಂಗೆ ಫೋಟೋ ಬೇಡ,” ಅಂದಳು ಟೀಚರ್. “ಮನೇಲಿ ಇನ್ನೂರು ಇದೆ. ಒಂದ್ಸಲ ನೀನೇ ನೋಡು. ನನ್ನ ಫೋಟೋ ಅಲ್ಲ. ನನ್ನ.”

“ನಾನು ನೋಡಿದ್ನೋ ಇಲ್ವೋ ನಿಂಗೆ ಹೇಗೆ ಗೊತ್ತಾಗುತ್ತೆ? ಕನ್ನಡಕ ನನ್ನ ಜೇಬಲ್ಲಿರುತ್ತೆ.”

“ಗೊತ್ತಾಗಲ್ಲ. ನಂಬ್ತೀನಿ.”

ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

೫

ಭಾನುವಾರ ಮಂಜು ಹರಿಯಲು ಒಂಬತ್ತಾಯಿತು. ಇಬ್ಬನಿಗೆ ನೆಂದ ಹಗ್ಗ ಕೋಲಿನ ಹಾಗೆ ಸೆಟೆದಿತ್ತು. ಗಂಟಣ್ಣ ಅದನ್ನು ಮೊಣಕಾಲಿಗೆ ಉಜ್ಜಿ ಉಜ್ಜಿ ಮೆತ್ತಗೆ ಮಾಡಿದ; ಗಂಟನ್ನು ಎರಡು ಸಲ ಎಳೆದು ನೋಡಿದ, ಟೀಚರ್‌ಳ ಕೈಯಿಂದ ಮೂರನೆಯ ಸಲ ಎಳೆಸಿದ. ಕೆಳಗೆ ಗುಬ್ಬಿ ಕ್ಯಾಮೆರಾವನ್ನು ಚೀಲದಲ್ಲಿಟ್ಟು ಜಿಪ್ ಎಳೆದಳು. ಬಲಗೈಗೆ ಕೆಲಸವಿಲ್ಲ. ಅದನ್ನು ಜೇಬಿಗೆ ತುರುಕಿದರೆ ಬೆರಳಿಗೆ ಕನ್ನಡಕದ ತಣ್ಣನೆಯ ಕಡ್ಡಿ ತಾಗಿತು.

ಎಡಗೈ ಎತ್ತಿದಳು.

“ಎತ್ತಿದ್ಲು,” ಅಂದ ಗಂಟಣ್ಣ.

ಇಲ್ಲಿ ನಿಲ್ಲಿಸುತ್ತೇನೆ.

ನೀವು ಸಿಟ್ಟಾಗಬಹುದು. ಆದರೆ ಸ್ವಲ್ಪ ಯೋಚಿಸಿ. ಕೈ ಇಳಿಯದಿದ್ದರೆ ಟೀಚರ್ ಹಾರುವಂತಿಲ್ಲ, ಅದು ಅವರದೇ ಕಟ್ಟುಪಾಡು. ಹಾರದಿದ್ದರೆ ಭಾನುವಾರ ಮುಗಿಯುವುದಿಲ್ಲ. ಭಾನುವಾರ ಮುಗಿಯದೆ ಸೋಮವಾರ ಹೇಗೆ ಬಂದೀತು? ಆ ದೂರದ ಶಾಲೆಯ ಹಾಜರಿ ಪುಸ್ತಕ ಅಲ್ಲೇ ಬಿದ್ದಿರಲಿ. ನನ್ನ ಕಥೆ, ನನ್ನ ಕೈ.

ಬೇಕಿದ್ದರೆ ಒಂದೆರಡು ಮುಕ್ತಾಯ ಕೊಡುತ್ತೇನೆ, ಆರಿಸಿಕೊಳ್ಳಿ. ಗುಬ್ಬಿ ಕಣ್ಣು ಮುಚ್ಚಿಬಿಡುತ್ತಾಳೆ, ಆಮೇಲೆ ‘ನೋಡಿದೆ’ ಎಂದು ಸುಳ್ಳು ಹೇಳುತ್ತಾಳೆ, ಟೀಚರ್ ನಂಬುತ್ತಾಳೆ. ಇದು ತುಂಬಾ ಸಲೀಸು, ಅದಕ್ಕೇ ಹೊಟ್ಟೆಯೊಳಗೆ ಮುಳ್ಳಾಗಿ ಉಳಿಯುತ್ತದೆ. ಇಲ್ಲವೇ ಗುಬ್ಬಿ ತಾನೇ ಸೇತುವೆ ಹತ್ತಿ ಹಾರಿ, ಧೈರ್ಯವಂತೆಯಾಗಿ, ಹಿನ್ನೆಲೆಯಲ್ಲಿ ಸಂಗೀತ... (ಗುಬ್ಬಿ ಕೆಳಗಿನಿಂದಲೇ ತಲೆ ಅಲ್ಲಾಡಿಸುತ್ತಿದ್ದಾಳೆ. ಬೇಡವಂತೆ. ಸದ್ಯ.)

“ಎಷ್ಟೊತ್ತೇ?” ಸೇತುವೆಯ ಅಂಚಿನಿಂದ ಟೀಚರ್. ಕೇಳಿದ್ದು ಗುಬ್ಬಿಯನ್ನಲ್ಲ, ನನ್ನನ್ನು. “ಕಾಲ್ಬೆರಳು ಮರಗಟ್ಟಿದಾವೆ ಇಲ್ಲಿ.”

“ನಿಂತಿರು. ನಿಂತಿದ್ರೆ ಇಲ್ಲೇ ಇರ್ತೀಯ.”

“ಕಥೆ ಮುಗಿಸ್ದೆ ಕೂರೋದೂ ಕಣ್ಣು ಮುಚ್ಕೊಳ್ಳೋದೇ ಕಣೆ. ಅವಳಿಗೆ ಹೇಳಿದ್ದು ನಿಂಗೂ ಹೇಳ್ಬೇಕಾ? ಇನ್ನೊಂದು ಹಾಳೆ ಬರೀಲಾ?”

ಒಂದನೇ ಕ್ಲಾಸಿನ ಬೆಂಚಿನಲ್ಲಿ ಕಿವಿ ಹಿಂಡಿಸಿಕೊಂಡ ಹಾಗಾಯಿತು ನನಗೆ.

೫, ಉಳಿದದ್ದು

ಕೈ ಇಳಿಯಿತು.

ರೆಪ್ಪೆಗಳು ತಾವಾಗಿಯೇ ಮುಚ್ಚಲು ಬಂದವು, ಮೂರು ವರ್ಷದ ರೂಢಿ. ಗುಬ್ಬಿ ಜೇಬಿನಲ್ಲಿದ್ದ ಕನ್ನಡಕವನ್ನು ಬಿಗಿಯಾಗಿ ಹಿಡಿದುಕೊಂಡು, ಕಣ್ಣು ತೆರೆದೇ ಇಟ್ಟಳು. ಚಳಿಗೆ ನೀರು ತುಂಬಿಕೊಂಡಿತು. (ಚಳಿಗೇ ಎಂದು ಬರೆದುಕೊಳ್ಳೋಣ.)

ಟೀಚರ್ ಎಡಗಾಲು ಮುಂದಿಟ್ಟಳು. ಹಾಜರಿ ಕೂಗಿದಾಗ ಮಕ್ಕಳು ಎತ್ತುವ ಹಾಗೆ ಎರಡೂ ಕೈ ಮೇಲೆ ಹೋದವು. ಸೇತುವೆ ಅವಳನ್ನು ಬಿಟ್ಟಿತು. ಅವಳು ಬಿದ್ದಳು, ಬೀಳುತ್ತಲೇ ಇದ್ದಳು, ಮತ್ತು ಒಂದು ಸದ್ದೂ ಇರಲಿಲ್ಲ. ತುಟಿ ಮುಚ್ಚಿತ್ತು. ಕೂದಲು ಬಿಚ್ಚಿ ಮೇಲಕ್ಕೆ ಹಾರುತ್ತಿತ್ತು. ನಿದ್ದೆಹೋದ ಮಗುವಿನ ಮುಖ. ಹಗ್ಗ ಬಿಗಿದುಕೊಂಡಿತು, ಅವಳನ್ನು ಹಿಡಿದುಕೊಂಡಿತು, ಆಗ, ಹಿಡಿದುಕೊಂಡ ಮೇಲೆ ಮಾತ್ರ, ಆ ಚೀರಾಟ ಹೊರಟಿತು.

ನೂರು ಸಲ ಕತ್ತಲಲ್ಲಿ ಕೇಳಿ ನಡುಗಿದ ಚೀರಾಟ ಬೀಳುವುದರದ್ದಾಗಿರಲಿಲ್ಲ. ಹಗ್ಗದ ಕೈಗೆ ಸಿಕ್ಕಿದೆ ಎನ್ನುವುದರದ್ದು.

ಟೀಚರ್ ಜೀಕುತ್ತಾ, ಏನೂ ಕಾಣದ ಕಣ್ಣುಗಳಿಂದ ಬಂಡೆ ಇರಬಹುದಾದ ಕಡೆ ತಿರುಗಿ ಕೂಗಿದಳು: “ಹೇಗಿತ್ತೇ?”

ಗುಬ್ಬಿ ಯಾವ ಸ್ಕ್ರೀನನ್ನೂ ನೋಡಲಿಲ್ಲ. ಹುಟ್ಟಿದಾಗಿನಿಂದ ಜೋರಾಗಿ ಮಾತಾಡದವಳು ಎಷ್ಟು ಜೋರಾಗಿ ಕೂಗಿದಳೆಂದರೆ ಸೇತುವೆಯ ಕಂಬಗಳು ಅದನ್ನು ಎರಡು ಸಲ ತಿರುಗಿ ಹೇಳಿದವು:

“ನೀನು ಮೊದ್ಲು ಸುಮ್ಮನಿದ್ದೆ ಕಣೇ!”

ಮೇಲೆ ಗಂಟಣ್ಣ, “ಓಹೋ, ಇವಳಿಗೂ ಗಂಟ್ಲಿದೆ,” ಅಂದ. ಟೀಚರ್ ಜೀಕುತ್ತಾ ಇದ್ದಳು.

ಜೀಕು ಸಣ್ಣದಾಗುತ್ತಿದೆ. ಗಂಟಣ್ಣ ಹಗ್ಗವನ್ನು ಇಳಿಬಿಡಲು ಕೈಗವಸು ಹಾಕಿಕೊಳ್ಳುತ್ತಿದ್ದಾನೆ. ಇನ್ನು ಉಳಿದಿರುವುದು ಒಂದೇ ಸಾಲು, ಗುಬ್ಬಿ ಜೇಬಿನಿಂದ ತೆಗೆದು ಕೊಡುವ ಸಾಲು. ಕನ್ನಡಕ ಕೈಗೆ ಬಂದರೆ ಟೀಚರ್‌ಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ: ಬಂಡೆ, ಗುಬ್ಬಿಯ ಕೆಂಪಾದ ಕಣ್ಣು, ಇವತ್ತು ರಾತ್ರಿಯ ಬಸ್ಸಿನ ಬೋರ್ಡು ಕೂಡ.

ಕಣ್ಣು ಬಿಟ್ಟಿದ್ದೇನೆ ಟೀಚರ್, ನೋಡಿ, ಬಿಟ್ಟೇ ಇದ್ದೇನೆ. ಆದರೆ ಆ ಸಾಲನ್ನು ಮಾತ್ರ ನಾನು ಬರೆಯುವುದಿಲ್ಲ.