ಮುಷ್ಟಿಯೊಳಗಿನ ಮಾತ್ರೆ

ನಗು, ಮತ್ತೆ ನಗು, ಒಳಕೋಣೆಯಲ್ಲಿ ಮಗಳು ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದಾಳೆ — ಯಾರೊಂದಿಗೋ ಏನು, ಆ ಡಾಕ್ಟರಮ್ಮನೊಂದಿಗೇ, ವಾರಕ್ಕೊಮ್ಮೆ ಮಾತಿಗೆ ಕೂರುವ ದಿನವಲ್ಲವೇ ಇದು — ಹೊಲಿಗೆ ಯಂತ್ರದ ಮುಂದೆ ಕೂತ ತಾಯಿಗೆ ಕೇಳದಿರಲೆಂದು ಬಾಗಿಲು ಬೇರೆ ಹಾಕಿಕೊಂಡಿದ್ದಾಳೆ, ಹೆತ್ತವಳಿಗೆ ಮುಚ್ಚಿದ ಬಾಗಿಲು, ನಿನ್ನೆ ಮೊನ್ನೆ ಬಂದವಳಿಗೆ ಬಾಯ್ತುಂಬ ನಗು, ಹೊಟ್ಟೆ ಉರಿಯದೆ ಇರುತ್ತದೆಯೇ, ಕೈಯಲ್ಲಿ ಮಗಳ ಸಂಜೆಯ ಮಾತ್ರೆ, ಆಗಲೇ ಸ್ಟ್ರಿಪ್ಪಿನಿಂದ ಬಿಡಿಸಿದ್ದು. ತನ್ನ ಕೈಗೆ ತಾನೇ ಗಾಯ ಮಾಡ್ಕೊಳ್ಳೋದನ್ನ ನಿಲ್ಸೋಕೇ ಅಂತ ಮಾತ್ರೆ ಇಲ್ಲಮ್ಮ, ಒಳಗಿನ ಕಳವಳ ತಗ್ಗೋಕೆ ಕೊಡ್ತಿದೀನಿ, ಜೊತೆಗೆ ಮಾತುಕತೆ ಬೇಕು, ತಪ್ಪಿಸ್ಬೇಡಿ, ಮಾತ್ರೆ ನಿಮ್ಮ ಹತ್ರಾನೇ ಇರ್ಲಿ ಎಂದಿದ್ದಳು ಡಾಕ್ಟರಮ್ಮ, ಮೆತ್ತಗೆ, ತಾಯಿಗೆ ಮಾತ್ರೆಯ ಕಾವಲು ಕೊಟ್ಟು ಮಗಳನ್ನು ತಾನಿಟ್ಟುಕೊಂಡಳು ಜಾಣೆ. ಸಾಯೋಕಲ್ಲ ಅಮ್ಮ, ತಡ್ಕೊಳ್ಳೋಕಾಗಲ್ಲ ಅಷ್ಟೆ — ಅದನ್ನು ಮಗಳು ಮೊದಲು ಹೇಳಿದ್ದು ಯಾರಿಗೆ, ಈ ತಾಯಿಗೆ, ನಲ್ಲಿಯ ಕೆಳಗೆ ಕೈ ಚಾಚಿ, ತೊಳೆದು ಬಟ್ಟೆ ಸುತ್ತಿದ ಮೇಲೆ ಹೆಗಲಿಗೊರಗಿ ಎಷ್ಟು ಹೊತ್ತು ಮಲಗುತ್ತಿತ್ತು ಕೂಸು, ಯಾರಿಗೂ ತಿಳಿಯದಂತೆ ಅಂಗಿಗಳಿಗೆಲ್ಲ ಉದ್ದ ತೋಳು ಹೊಲಿದವಳು ಯಾರು. ಈಗ ಎಷ್ಟೋ ತಿಂಗಳಿಂದ ಹೊಸ ಗಾಯವಿಲ್ಲ, ಹೆಗಲ ಮೇಲೆ ತಲೆಯೂ ಇಲ್ಲ. ಅಮ್ಮ, ಇವುಗಳ ತೋಳು ಗಿಡ್ಡ ಮಾಡ್ಕೊಡು, ಬಚ್ಚಿಡೋ ಅಂಥದ್ದೇನೂ ಇಲ್ಲ ಅಂದ್ರು ಡಾಕ್ಟ್ರು — ಕತ್ತರಿಸು, ನೀನು ಹೊಲಿದದ್ದನ್ನು ನೀನೇ ಕತ್ತರಿಸು. ಒಂದು ಹೊತ್ತು ಮಾತ್ರೆ ತಪ್ಪಿದರೆ ಆಕಾಶ ಕಳಚಿ ಬೀಳುತ್ತದೆಯೇ, ಎರಡು ಹೊತ್ತು, ಆ ಕಳವಳ ಸ್ವಲ್ಪ, ಸ್ವಲ್ಪವೇ ಮರಳಿದರೆ ಅಮ್ಮಾ ಎಂದು ಓಡಿ ಬರುವುದು ಇಲ್ಲಿಗೇ ಅಲ್ಲವೇ, ಥೂ, ಹೆತ್ತ ಕರುಳು ಮಾಡುವ ಯೋಚನೆಯೇ ಇದು, ಆದರೂ ಬೆರಳುಗಳು ಬಿಗಿಯಾಗಿ ಮಡಚಿಕೊಂಡಿವೆ.

ಅಮ್ಮ, ಮಾತ್ರೆ. ಮಗಳು ಎದುರಿಗೇ ನಿಂತಿದ್ದಾಳೆ, ಗಿಡ್ಡ ತೋಳಿನ ಅಂಗಿ, ಕೈಮೇಲೆ ಬಿಳಿಚಿಕೊಂಡ ಹಳೆಯ ಕಲೆಗಳು, ಆಗಲೇ ಕೊಟ್ಟೆನಲ್ಲ ಎಂಬ ಸುಳ್ಳು ತುಟಿಯವರೆಗೆ ಬಂದಿದೆ — ಕೈ ತೋರ್ಸು ಎಂದು ಅವಳೇ ತಾಯಿಯ ಬೆರಳು ಬಿಡಿಸುತ್ತಾಳೆ, ಒಂದೊಂದಾಗಿ, ಅಯ್ಯೋ ಕರಗೋಗಿದೆ, ಎಷ್ಟು ಹೊತ್ತಿಂದ ಹಿಡ್ಕೊಂಡಿದ್ದೆ ಅಮ್ಮ, ಈ ಸಲ ನಗುತ್ತಿಲ್ಲ, ಕೇಳುತ್ತಿದ್ದಾಳೆ, ಗೊತ್ತಾಗಿಯೇ ಕೇಳುತ್ತಿದ್ದಾಳೆ, ಇನ್ನೊಂದು ಬಿಡಿಸಿಕೊಡಬೇಕು, ಏಳಬೇಕು, ಸ್ಟ್ರಿಪ್ಪು ಎಲ್ಲಿ, ಅಂಗೈ ತುಂಬ ಕಿತ್ತಳೆ ಬಣ್ಣ, ಮಗಳ ಬೆರಳಿಗೂ ಹತ್ತಿದೆ, ಉತ್ತರ ಹೇಳಬೇಕು, ಅಂಗೈ ತುಂಬ ಕಿತ್ತಳೆ ಬಣ್ಣ, ಏನಾದರೂ ಹೇಳಬೇಕು, ಅಂಗೈ ತುಂಬ, ಅಂಗೈ ತುಂಬ